ಕೂಸಿನ ಕಾಯಿಲೆ ಮತ್ತು ತಾಯಿಯ ದುಡಿಮೆ: ಬಡ ಗ್ರಾಮೀಣ ಕುಟುಂಬಗಳಲ್ಲಿ ಮಕ್ಕಳ ರೋಗಗಳ ಅಪಾಯಕಾರಕಗಳು



ಈ ಉಪನ್ಯಾಸದ ವಿಷಯವು ಐದು ವರ್ಷದೊಳಗಿನ ಮಕ್ಕಳನ್ನು ಮೇಲಿಂದ ಮೇಲೆ ಕಾಡುವ ಭೇದಿ, ನೆಗಡಿ-ಕೆಮ್ಮಿನಿಂದ ಆರಂಭವಾಗಿ ನ್ಯುಮೋನಿಯಾಕ್ಕೆ ತಿರುಗುವ ಉಸಿರಾಟದ ಸೋಂಕು, ಜಂತುಹುಳು ಮತ್ತು ರಕ್ತಹೀನತೆ ಎಂಬ ಸಾಮಾನ್ಯ ಕಾಯಿಲೆಗಳಿಗೆ ಸೀಮಿತವಾಗಿದೆ. ಹುಟ್ಟಿನಿಂದ ಬರುವ ಅಪರೂಪದ ರೋಗಗಳ ಚರ್ಚೆ ಇಲ್ಲಿಲ್ಲ. ಭೂಪ್ರದೇಶದ ದೃಷ್ಟಿಯಿಂದ ಹೇಳುವುದಾದರೆ, 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಶಿಗ್ಗಾಂವಿ, ಹಾನಗಲ್ಲ, ಸವಣೂರು ಮತ್ತು ಹಿರೇಕೆರೂರು ಸೀಮೆಯೇ ಇಲ್ಲಿನ ವಿವೇಚನೆಯ ನೆಲೆ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನ ಕೆರೆ-ಭತ್ತದ ಗದ್ದೆಗಳಿಂದ ಸವಣೂರಿನ ಎರೆಭೂಮಿಯವರೆಗೆ ಹರಡಿರುವ ಈ ಸೀಮೆಯಲ್ಲಿ ಮಳೆ, ಬೆಳೆ, ಮನೆಯ ಕಟ್ಟಡ ಎಲ್ಲವೂ ಕೆಲವೇ ಹರದಾರಿಗಳಲ್ಲಿ ಬದಲಾಗುತ್ತವೆ. ಹುಬ್ಬಳ್ಳಿಯಿಂದ ಬರುವ ಹೆದ್ದಾರಿಯಿಂದ ಮುಂಡಗೋಡ-ಶಿರಸಿಯ ದಾರಿ ಒಡೆಯುವ ತಡಸವು ಈ ಎರಡೂ ಬಗೆಯ ಬದುಕು ಕೂಡುವ ಊರಾಗಿರುವುದರಿಂದ, ಇಲ್ಲಿ ನಿಂತು ಈ ವಿಷಯವನ್ನು ಯೋಚಿಸುವುದು ಉಚಿತವಾಗಿದೆ.

ಮೊದಲಿಗೆ ಒಂದು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ರೋಗವನ್ನು ನೇರವಾಗಿ ಉಂಟುಮಾಡುವ ಸೂಕ್ಷ್ಮಜೀವಿಯನ್ನು ರೋಗಕಾರಕವೆಂದೂ, ಆ ಜೀವಿ ದೇಹವನ್ನು ಹೊಕ್ಕು ಬಲಿಯುವುದಕ್ಕೆ ಅನುಕೂಲವಾಗುವ ಸನ್ನಿವೇಶವನ್ನು ಅಪಾಯಕಾರಕವೆಂದೂ ವೈದ್ಯಶಾಸ್ತ್ರ ಕರೆಯುತ್ತದೆ. ಒಂದೇ ಓಣಿಯಲ್ಲಿ, ಒಂದೇ ಟ್ಯಾಂಕಿನ ನೀರು ಕುಡಿಯುವ ಎರಡು ಕೂಸುಗಳಿಗೆ ಒಂದೇ ವಾರದಲ್ಲಿ ಭೇದಿಯಾಗಿ, ಒಂದು ಕೂಸು ಎರಡು ದಿನದಲ್ಲಿ ಆಡತೊಡಗಿದರೆ ಇನ್ನೊಂದು ಕೂಸು ಕಣ್ಣು ಗುಳಿಬಿದ್ದು ಆಸ್ಪತ್ರೆ ಸೇರುವುದುಂಟು. ರೋಗಕಾರಕ ಎರಡೂ ಮನೆಗಳಲ್ಲಿ ಒಂದೇ ಆಗಿದ್ದು, ಹುಟ್ಟುವಾಗಿನ ತೂಕ, ಎದೆಹಾಲು, ಮನೆಯ ಹೊಗೆ, ತಾಯಿಗೆ ಸಿಗುವ ಬಿಡುವು ಇವುಗಳಲ್ಲಿ ಯಾವುದೋ ಒಂದರಲ್ಲಿ, ಬಹಳಷ್ಟು ಸಲ ಎಲ್ಲದರಲ್ಲಿಯೂ, ಆ ಮನೆಗಳು ಬೇರೆಯಾಗಿರುತ್ತವೆ. ಅಪಾಯಕಾರಕಗಳು ಊರಿನ ತುಂಬ ಸಮನಾಗಿ ಹಂಚಿಕೊಂಡಿರುವುದಿಲ್ಲ. ಅವು ಕೆಲವೇ ಮನೆಗಳಲ್ಲಿ ಒಟ್ಟುಗೂಡುತ್ತವೆ, ಆದ್ದರಿಂದಲೇ ಕಾಯಿಲೆಯೂ ಅದೇ ಮನೆಗಳಿಗೆ ಮರಳಿ ಮರಳಿ ಬರುತ್ತದೆ. ಇದಕ್ಕೆ ತಾಯಂದಿರ ತಿಳಿವಳಿಕೆಯ ಕೊರತೆಯೇ ಕಾರಣವೆಂಬ ವಿವರಣೆ ಸಭೆಗಳಲ್ಲಿ ಸುಲಭವಾಗಿ ಕೇಳಿಬರುತ್ತದೆ. ಆ ವಿವರಣೆ ಅಪೂರ್ಣವೆಂಬುದು, ಇವೆಲ್ಲವನ್ನೂ ಹೆಣೆದಿರುವ ಗಂಟು ತಾಯಿಯ ಶರೀರದಲ್ಲಿ ಮತ್ತು ಆಕೆಯ ದುಡಿಮೆಯ ವೇಳೆಯಲ್ಲಿದೆಯೆಂಬುದು ಈ ಉಪನ್ಯಾಸದ ಪ್ರತಿಪಾದನೆ.

ಈಗ ಮೊದಲನೆಯ ವಿಷಯವಾದ ಹುಟ್ಟಿಗಿಂತ ಹಿಂದಿನ ಅಪಾಯಗಳನ್ನು ಪರಿಶೀಲಿಸಬಹುದು. ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಮಗುವನ್ನು ಕಡಿಮೆ ತೂಕದ ಶಿಶು ಎನ್ನುತ್ತಾರೆ. ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿ ತಾಯಿಯಿಂದ ಮಗುವಿಗೆ ಎರಡು ಮುಖ್ಯ ಬಳುವಳಿಗಳು ಹರಿದುಬರುತ್ತವೆ: ಒಂದು, ಮುಂದಿನ ಆರು ತಿಂಗಳ ರಕ್ತಕ್ಕೆ ಬೇಕಾಗುವ ಕಬ್ಬಿಣದ ಸಂಗ್ರಹ, ಇನ್ನೊಂದು, ತಾಯಿ ತನ್ನ ಜೀವನದಲ್ಲಿ ಎದುರಿಸಿದ ಸೋಂಕುಗಳ ವಿರುದ್ಧ ಗಳಿಸಿದ ಪ್ರತಿಕಾಯಗಳು, ಅಂದರೆ ರೋಗಾಣುಗಳನ್ನು ಗುರುತಿಸಿ ತಡೆಯುವ ಪ್ರೋಟೀನುಗಳು. ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ ಇವೆರಡೂ ಕಡಿಮೆಯಾಗುತ್ತವೆ. ತೀವ್ರ ರಕ್ತಹೀನತೆಯಿರುವ ತಾಯಿಯಿಂದ ಕಬ್ಬಿಣ ಇನ್ನಷ್ಟು ಕಡಿಮೆ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಆ ಪ್ರಮಾಣ 2015-16ರ ಸಮೀಕ್ಷೆಯಲ್ಲಿ ಶೇ. 60.9 ಇದ್ದದ್ದು ಶೇ. 65.5ಕ್ಕೆ ಏರಿದೆ. ಇದೇ ಅವಧಿಯಲ್ಲಿ ರಾಜ್ಯದ ಹೆರಿಗೆಗಳಲ್ಲಿ ಶೇ. 97ರಷ್ಟು ಆಸ್ಪತ್ರೆಯಲ್ಲಿಯೇ ಆಗತೊಡಗಿದವು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಹೆರಿಗೆಯ ಜಾಗ ಬದಲಾದಷ್ಟು ವೇಗವಾಗಿ ಹೆರುವ ಶರೀರದ ಸ್ಥಿತಿ ಬದಲಾಗಲಿಲ್ಲವೆಂಬುದು ತಿಳಿಯುತ್ತದೆ. ಅದೇ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇನ್ನೂ ಬೆಳೆಯುತ್ತಿರುವ ಹುಡುಗಿಯ ದೇಹವು ತನ್ನ ಬೆಳವಣಿಗೆಗೂ ಗರ್ಭಕ್ಕೂ ಒಂದೇ ಊಟವನ್ನು ಹಂಚಬೇಕಾಗುತ್ತದೆ.

ಈ ಸೀಮೆಯಲ್ಲಿ ಬಾಣಂತಿಯ ಆರೈಕೆಗೆ ಒಂದು ಸಮೃದ್ಧ ಪರಂಪರೆಯಿದೆ ಎಂಬುದನ್ನು ಇಲ್ಲಿ ನೆನೆಯಲೇಬೇಕು. ಅಂಟಿನುಂಡೆ, ಕೊಬ್ಬರಿ, ಉತ್ತತ್ತಿ, ಅಳವಿಯ ಪಾಯಸ ಇವುಗಳಲ್ಲಿ ಶಕ್ತಿಯೂ ಕಬ್ಬಿಣವೂ ಧಾರಾಳವಾಗಿವೆ, ವಿಶೇಷವಾಗಿ ಅಳವಿ ಬೀಜದಲ್ಲಿ ಕಬ್ಬಿಣದ ಅಂಶ ಹೆಚ್ಚು. ತವರುಮನೆಯಲ್ಲಿ ಮೂರರಿಂದ ಐದು ತಿಂಗಳು ವಿಶ್ರಾಂತಿಯಲ್ಲಿರುವ ಪದ್ಧತಿಯಂತೂ ಎದೆಹಾಲಿಗೆ ದೊಡ್ಡ ಆಸರೆ. ಆದರೆ ಈ ಪರಂಪರೆಗೆ ದುಡ್ಡು ಬೇಕು, ಬಿಡುವು ಬೇಕು. ಕೂಲಿಯ ಮನೆಯಲ್ಲಿ ಅಂಟಿನುಂಡೆ ಒಮ್ಮೆ ಕಟ್ಟಿದರೆ ಮುಗಿಯಿತು, ತವರಿನಲ್ಲಿಯೂ ಕೂಲಿಯೇ ಆಗಿದ್ದರೆ ಎರಡನೆಯ ತಿಂಗಳು ಮುಗಿಯುವ ಮೊದಲೇ ಬಾಣಂತಿ ಹೊಲದ ದಾರಿ ಹಿಡಿಯುತ್ತಾಳೆ. ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿಯೇ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯನ್ನು 2017ರ ಅಕ್ಟೋಬರ್ 2ರಂದು ರಾಜ್ಯವು ಆರಂಭಿಸಿದ್ದು ಒಳ್ಳೆಯ ಹೆಜ್ಜೆಯೇ. ಆದರೆ ಮಧ್ಯಾಹ್ನದ ಆ ಊಟದ ಹೊತ್ತಿಗೆ ಕೂಲಿಗೆ ಹೋದವಳು ಊರಿನಿಂದ ಮೈಲಿ ದೂರದ ಹೊಲದಲ್ಲಿರುತ್ತಾಳೆ. ಯಾರಿಗೆ ಆ ಊಟ ಹೆಚ್ಚು ಅಗತ್ಯವೋ ಅವರಿಗೇ ಅಲ್ಲಿಗೆ ಬರುವುದು ಕಷ್ಟವಾಗುತ್ತದೆ.

ಇನ್ನು ಎರಡನೆಯ ವಿಷಯವಾದ ನೀರು, ಆಹಾರ ಮತ್ತು ಕರುಳಿನ ಸೋಂಕಿಗೆ ಬರಬಹುದು. ಮಗುವಿನ ಜೀವನದಲ್ಲಿ ಭೇದಿ ಅತ್ಯಂತ ಹೆಚ್ಚಾಗಿ ಕಾಡುವುದು ಆರು ತಿಂಗಳಿನಿಂದ ಎರಡು ವರ್ಷದವರೆಗೆ, ಅಂದರೆ ಎದೆಹಾಲಿನ ಜೊತೆಗೆ ಹೊರಗಿನ ಆಹಾರ ಆರಂಭವಾಗುವ ಅವಧಿಯಲ್ಲಿ. 1950ರ ದಶಕದಲ್ಲಿ ಪಂಜಾಬಿನ ಖನ್ನಾ ಎಂಬಲ್ಲಿನ ಹಳ್ಳಿಗಳಲ್ಲಿ ನಡೆದ ಅಧ್ಯಯನವು ಈ ಸಂಬಂಧವನ್ನು ಗುರುತಿಸಿತು, ಮುಂದೆ 1968ರಲ್ಲಿ ಸ್ಕ್ರಿಮ್‌ಶಾ, ಟೇಲರ್ ಮತ್ತು ಗಾರ್ಡನ್ ಎಂಬ ಮೂವರು ವಿದ್ವಾಂಸರು ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಪ್ರಕಟಿಸಿದ ಗ್ರಂಥದಲ್ಲಿ ಅಪೌಷ್ಟಿಕತೆ ಮತ್ತು ಸೋಂಕು ಒಂದನ್ನೊಂದು ಉಲ್ಬಣಗೊಳಿಸುತ್ತವೆ ಎಂಬುದನ್ನು ವಿಸ್ತಾರವಾಗಿ ನಿರೂಪಿಸಿದರು. ಭೇದಿಯಾದಾಗ ಮಗುವಿಗೆ ಹಸಿವು ಕುಗ್ಗುತ್ತದೆ, ತಿಂದದ್ದು ಕರುಳಿನಲ್ಲಿ ಹೀರಿಕೆಯಾಗುವುದಿಲ್ಲ, ಜ್ವರದಿಂದ ದೇಹದ ಶಕ್ತಿ ಕರಗುತ್ತದೆ. ಹೀಗೆ ಸೊರಗಿದ ದೇಹದ ಕರುಳಿನ ಒಳಪದರ ದುರಸ್ತಿಯಾಗಲು ತಡವಾಗಿ ಮುಂದಿನ ಭೇದಿ ಇನ್ನೂ ದೀರ್ಘವಾಗುತ್ತದೆ. ಒಂದು ಸಲದ ಭೇದಿಯಿಂದ ಕಳೆದ ತೂಕವನ್ನು ಮರಳಿ ಪಡೆಯಲು ಮಗು ಎರಡು-ಮೂರು ವಾರ ಚೆನ್ನಾಗಿ ಉಣ್ಣಬೇಕು. ಆ ಅವಧಿ ಸಿಗುವ ಮೊದಲೇ ಇನ್ನೊಂದು ಸೋಂಕು ಬಂದರೆ ಮಗು ಮೆಟ್ಟಿಲು ಇಳಿಯುತ್ತಲೇ ಹೋಗುತ್ತದೆ.

ನೀರಿನ ವಿಷಯದಲ್ಲಿ ಕಳೆದ ಕೆಲವು ದಶಕಗಳಲ್ಲಿ ಈ ಸೀಮೆ ಬಹಳಷ್ಟನ್ನು ಕಂಡಿದೆ: ಕೆರೆ-ಬಾವಿಯಿಂದ ಕೈಪಂಪಿಗೆ, ಅಲ್ಲಿಂದ ಮಿನಿಟ್ಯಾಂಕಿಗೆ, ಈಗ ನಾಣ್ಯ ಹಾಕಿ ಕ್ಯಾನಿನಲ್ಲಿ ಹಿಡಿಯುವ ಶುದ್ಧ ನೀರಿನ ಘಟಕಕ್ಕೆ. ಆದರೂ ಭೇದಿ ನಿಂತಿಲ್ಲ, ಅದಕ್ಕೆ ಕಾರಣಗಳು ಸೂಕ್ಷ್ಮವಾಗಿವೆ. ನಳದ ನೀರು ದಿನವಿಡೀ ಬರದೆ ಕೆಲವು ಹೊತ್ತು ಮಾತ್ರ ಬರುವಲ್ಲಿ, ನೀರು ನಿಂತ ಮೇಲೆ ಬರಿದಾದ ಪೈಪು ತನ್ನ ಬಿರುಕುಗಳ ಮೂಲಕ ಪಕ್ಕದ ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹೀಗಾಗಿ ನಳದ ತುದಿಯಲ್ಲಿ ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ನಿಯಮವಿದೆ, ಅದನ್ನು ಪರೀಕ್ಷಿಸುವುದು ಗ್ರಾಮ ಪಂಚಾಯಿತಿಗೆ ಅಸಾಧ್ಯವಾದ ಕೆಲಸವಲ್ಲ. ಇನ್ನು ಘಟಕದಿಂದ ತಂದ ಶುದ್ಧ ನೀರು ಮನೆಯ ಕೊಡಕ್ಕೆ ಬಿದ್ದು, ಅದರೊಳಗೆ ತಂಬಿಗೆಯ ಜೊತೆಗೆ ಬೆರಳೂ ಮುಳುಗಿದರೆ, ಕೊಟ್ಟ ನಾಣ್ಯ ವ್ಯರ್ಥವಾಗುತ್ತದೆ. ಉದ್ದ ಹಿಡಿಕೆಯ ಸೌಟು ಇಲ್ಲಿ ದುಬಾರಿ ಯಂತ್ರದಷ್ಟೇ ಮುಖ್ಯ. ಶೌಚಾಲಯದ ವಿಷಯದಲ್ಲಿಯೂ ಒಂದು ಪಾಠವಿದೆ. ಒಡಿಶಾದ ಪುರಿ ಜಿಲ್ಲೆಯ ನೂರು ಹಳ್ಳಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೌಚಾಲಯವಿರುವ ಮನೆಗಳ ಪ್ರಮಾಣ ಶೇ. 9ರಿಂದ ಶೇ. 63ಕ್ಕೆ ಏರಿದರೂ ಮಕ್ಕಳ ಭೇದಿ ತಗ್ಗಲಿಲ್ಲ. ಕಟ್ಟಿದ್ದನ್ನು ಎಲ್ಲರೂ ಬಳಸಲಿಲ್ಲ, ಕೂಸುಗಳ ಮಲ ನಿರುಪದ್ರವಿಯೆಂಬ ಭಾವನೆಯಿಂದ ಅದು ಅಂಗಳದಲ್ಲಿಯೋ ತಿಪ್ಪೆಯಲ್ಲಿಯೋ ಉಳಿಯುವುದು ಬಹಳ ಕಡೆಗಳಲ್ಲಿ ಕಂಡುಬರುತ್ತದೆ. ವಾಸ್ತವದಲ್ಲಿ ಕೂಸಿನ ಮಲದಲ್ಲಿಯೇ ರೋಗಾಣುಗಳು ಹೆಚ್ಚಾಗಿರುವ ಸಂಭವವಿದೆ. ಅಂಗಳದ ಮಣ್ಣಿನಿಂದ ಜಂತುಹುಳುವಿನ ಮೊಟ್ಟೆ ಬಾಯಿಗೂ, ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮದ ಮೂಲಕ ದೇಹಕ್ಕೂ ಸೇರುತ್ತವೆ, ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರುತ್ತದೆ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳ ಜಂತುಹುಳು ನಿವಾರಣಾ ದಿನದಂದು ಕೊಡುವ ಅಲ್ಬೆಂಡಜೋಲ್ ಮಾತ್ರೆಯ ಅಗತ್ಯ ಇದರಿಂದ ಮನದಟ್ಟಾಗಬೇಕು.

ಆಹಾರದ ಬಗ್ಗೆ ಹೇಳುವಾಗ ಬೆಳೆಯ ಬಗ್ಗೆಯೂ ಹೇಳಬೇಕಾಗುತ್ತದೆ. ಹಾವೇರಿ ಜಿಲ್ಲೆಯು ರಾಜ್ಯದ ಪ್ರಮುಖ ಗೋವಿನಜೋಳದ ಜಿಲ್ಲೆಗಳಲ್ಲಿ ಒಂದು, ಆದರೆ ಆ ಜೋಳ ಕೋಳಿ ಆಹಾರಕ್ಕೂ ಕಾರ್ಖಾನೆಗೂ ಹೋಗುತ್ತದೆಯೇ ಹೊರತು ಮನೆಯ ತಟ್ಟೆಗೆ ಬರುವುದು ವಿರಳ. ಜೋಳದ ಹೊಲದ ಅಕ್ಕಡಿ ಸಾಲುಗಳಲ್ಲಿ ಬರುತ್ತಿದ್ದ ತೊಗರಿ, ಹೆಸರು, ಅಲಸಂದಿಗಳು ಗೋವಿನಜೋಳದ ಒಂಟಿ ಬೆಳೆಯಲ್ಲಿ ಕಡಿಮೆಯಾದವು. ಪಡಿತರದ ಅಕ್ಕಿಯಿಂದ ಹೊಟ್ಟೆ ತುಂಬುವುದು ಇಂದು ಬಹುಪಾಲು ಸಾಧ್ಯವಾಗಿದೆ, ಅದು ಸಣ್ಣ ಸಾಧನೆಯಲ್ಲ. ಕೊರತೆ ಈಗಿರುವುದು ಬೇಳೆ, ಮೊಟ್ಟೆ, ಹಾಲು, ತರಕಾರಿಗಳಲ್ಲಿ. ಏಳು ಕಿಲೋ ತೂಕದ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಸುಮಾರು 200 ಮಿಲಿಲೀಟರಿನಷ್ಟು ಮಾತ್ರ ಹಿಡಿಸುವುದರಿಂದ, ತೆಳ್ಳನೆಯ ಗಂಜಿ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ದೇಹ ತುಂಬುವುದಿಲ್ಲ. ಗಟ್ಟಿಯಾದ ಹೆಸರುಬೇಳೆ ಕಿಚಡಿಗೆ ಒಂದು ಚಮಚ ಎಣ್ಣೆ, ನುಣ್ಣಗೆ ಕುಟ್ಟಿದ ಶೇಂಗಾ ಪುಡಿ ಬೆರೆಸಿ ದಿನಕ್ಕೆ ನಾಲ್ಕೈದು ಸಲ ಉಣಿಸಬೇಕೆಂಬ ಸಲಹೆ ಸರಿಯಾಗಿಯೇ ಇದೆ. ಆದರೆ ನಾಲ್ಕೈದು ಸಲ ಉಣಿಸುವುದಕ್ಕೆ ಮನೆಯಲ್ಲಿ ಒಬ್ಬರು ಇರಬೇಕು. ಅವರಿಲ್ಲದಾಗ ಆ ಜಾಗವನ್ನು ಅಂಗಡಿಯ ಐದು ರೂಪಾಯಿಯ ಬಿಸ್ಕತ್ತು ಪೊಟ್ಟಣ ತುಂಬುತ್ತದೆ, ಅದನ್ನು ಕೈಗೆ ಕೊಟ್ಟರೆ ಉಣಿಸುವ ಕೆಲಸವೇ ಇರುವುದಿಲ್ಲ.

ಮೂರನೆಯ ವಿಷಯವಾದ ಹೊಗೆ ಮತ್ತು ವಸತಿಯನ್ನು ಸ್ವಲ್ಪ ಸಂಕ್ಷೇಪವಾಗಿ ಹೇಳಬಹುದು. ಶ್ವಾಸನಾಳದ ಒಳಗೋಡೆಯಲ್ಲಿರುವ ಅತಿ ಸೂಕ್ಷ್ಮ ರೋಮಗಳು ಕಫವನ್ನೂ ರೋಗಾಣುಗಳನ್ನೂ ಮೇಲಕ್ಕೆ ತಳ್ಳುತ್ತಿರುತ್ತವೆ. ಕಟ್ಟಿಗೆ, ಕುಳ್ಳು, ಹತ್ತಿಕಟ್ಟಿಗೆಗಳ ಹೊಗೆಯ ಅತಿ ಸಣ್ಣ ಕಣಗಳು ಈ ರೋಮಗಳನ್ನು ಜಡಗೊಳಿಸುತ್ತವೆ. ಕೂಸು ದೊಡ್ಡವರಿಗಿಂತ ವೇಗವಾಗಿ ಉಸಿರಾಡುವುದರಿಂದ ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ಹೊಗೆಯನ್ನು ಒಳಗೆ ತೆಗೆದುಕೊಳ್ಳುತ್ತದೆ. ಕಿರ್ಕ್ ಸ್ಮಿತ್ ಎಂಬ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಉಸಿರಿನ ಬಳಿಯ ಹೊಗೆಯನ್ನು ಅಳೆದ ಮೇಲೆ ಈ ವಿಷಯ ಜಗತ್ತಿನ ಗಮನಕ್ಕೆ ಬಂದಿತು. ಅಡುಗೆ ಅನಿಲದ ಬಳಕೆ ರಾಜ್ಯದಲ್ಲಿ ಬಹಳ ಹೆಚ್ಚಿದ್ದು, ಶುದ್ಧ ಇಂಧನ ಬಳಸುವ ಮನೆಗಳು ಮೇಲೆ ಹೇಳಿದ ಎರಡು ಸಮೀಕ್ಷೆಗಳ ನಡುವೆ ಶೇ. 54.7ರಿಂದ ಶೇ. 79.7ಕ್ಕೆ ಏರಿವೆ. ಆದರೂ ಸಿಲಿಂಡರಿರುವ ಮನೆಯಲ್ಲಿಯೂ ಬಚ್ಚಲ ಒಲೆ ಆರಿಲ್ಲ, ರೊಟ್ಟಿಯ ಒಲೆಯೂ ಪೂರ್ತಿ ಆರಿಲ್ಲ. ಕಾಳು ಬಿಡಿಸಿದ ಗೋವಿನಜೋಳದ ತೆನೆ ಬಿಟ್ಟಿಯಾಗಿ ಸಿಗುವಾಗ ನೀರು ಕಾಯಿಸಲು ಅನಿಲ ಉರಿಸುವವರು ಕಡಿಮೆ. ಇದರ ಮೇಲೆ, ಕೂಸನ್ನು ಎರೆದ ಬಳಿಕ ಲೋಬಾನದ ಹೊಗೆ ಕೊಡುವುದು, ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಡುವುದು ರೂಢಿಯಲ್ಲಿವೆ. ಬಾಣಂತಿಯೂ ಕೂಸೂ ಬೆಚ್ಚಗಿರಬೇಕೆಂಬ ಆಶಯ ಇಲ್ಲಿ ಸರಿಯಾದುದು. ಕೂಸನ್ನು ತಾಯಿಯ ಎದೆಗೆ ಅಪ್ಪಿಸಿ ಕೌದಿ ಹೊದಿಸಿದರೆ ಹೊಗೆಯಿಲ್ಲದೆಯೇ ಅದು ಈಡೇರುತ್ತದೆ ಎಂಬುದನ್ನು ಅಜ್ಜಿಯಂದಿರಿಗೆ ಗೌರವದಿಂದ ಹೇಳಿದರೆ ಅವರು ಒಪ್ಪದಿರಲಾರರು. ನ್ಯುಮೋನಿಯಾದ ವಿರುದ್ಧದ ನ್ಯುಮೊಕಾಕಲ್ ಲಸಿಕೆ 2021ರಿಂದ ದೇಶದೆಲ್ಲೆಡೆ ಉಚಿತವಾಗಿ ಸಿಗುತ್ತಿರುವುದು ದೊಡ್ಡ ರಕ್ಷಣೆ. ಆದರೆ ಲಸಿಕೆಯು ಕೆಲವು ರೋಗಾಣುಗಳನ್ನು ತಡೆಯುತ್ತದೆಯಷ್ಟೆ, ಹೊಗೆಯಿಂದ ಜಡವಾದ ಶ್ವಾಸನಾಳವನ್ನು ಸರಿಪಡಿಸುವುದಿಲ್ಲ.

ಇಲ್ಲಿಂದ ಮುಂದೆ ನಾಲ್ಕನೆಯ ಹಾಗೂ ಈ ಉಪನ್ಯಾಸದ ಮುಖ್ಯ ವಿಷಯವಾದ ಋತುಮಾನ ಮತ್ತು ದುಡಿಮೆಯ ಸಂಬಂಧಕ್ಕೆ ಬರಬೇಕು. ಈ ಭಾಗದ ರೈತ ಕಾಲವನ್ನು ಮಳೆಯ ಹೆಸರಿನಿಂದ ಎಣಿಸುತ್ತಾನೆ. ರೋಹಿಣಿ-ಮಿರಗದ ಮಳೆಗೆ ಬಿತ್ತನೆ, ಆರಿದ್ರಾದಿಂದ ಪುಷ್ಯದವರೆಗೆ ಕಸ ತೆಗೆಯುವ ಕೆಲಸ, ಹಾನಗಲ್ಲಿನ ಕಡೆ ನಾಟಿ, ದೀಪಾವಳಿಯ ಹಿಂದೆಮುಂದೆ ಗೋವಿನಜೋಳದ ಕೊಯ್ಲು, ಆನಂತರ ಸಂಕ್ರಾಂತಿಯವರೆಗೆ ಹತ್ತಿ ಬಿಡಿಸುವುದು. ಇವುಗಳಲ್ಲಿ ಕಸ ತೆಗೆಯುವುದು, ನಾಟಿ, ಹತ್ತಿ ಬಿಡಿಸುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಈಗ ಇದರ ಪಕ್ಕದಲ್ಲಿ ಕಾಯಿಲೆಯ ಪಂಚಾಂಗವನ್ನು ಇಟ್ಟು ನೋಡಬೇಕು. ಮೊದಲ ಮಳೆಯ ನೀರು ಬೇಸಿಗೆಯ ಕಸ-ಮಲವನ್ನೆಲ್ಲ ಕೊಚ್ಚಿ ತಗ್ಗಿನ ನೀರಿನ ಮೂಲಗಳಿಗೆ ಸೇರಿಸುವುದರಿಂದ ಭೇದಿ ಹೆಚ್ಚುವುದು ಜೂನ್-ಆಗಸ್ಟ್ ತಿಂಗಳುಗಳಲ್ಲಿ. ಉಸಿರಾಟದ ಸೋಂಕು ಹೆಚ್ಚುವುದು ಮಳೆಗಾಲದ ಕೊನೆಯಲ್ಲಿ ಮತ್ತು ಚಳಿಗಾಲದಲ್ಲಿ, ಅಂದರೆ ಒಕ್ಕಣೆಯ ಧೂಳು ಹಾರುವ, ಮುಂಜಾನೆಯ ಥಂಡಿ ಕೊರೆಯುವ ಹೊತ್ತಿನಲ್ಲಿ. ಕೂಸಿಗೆ ತಾಯಿ ಅತ್ಯಂತ ಹೆಚ್ಚು ಬೇಕಾಗುವ ತಿಂಗಳುಗಳೇ ಹೊಲಕ್ಕೆ ಅವಳು ಅತ್ಯಂತ ಹೆಚ್ಚು ಬೇಕಾಗುವ ತಿಂಗಳುಗಳು. ಹಿಂದಿನ ವರ್ಷದ ಫಸಲಿನ ದುಡ್ಡು ಬೀಜ-ಗೊಬ್ಬರಕ್ಕೆ ಕರಗಿ ಮನೆಯಲ್ಲಿ ರೊಕ್ಕದ ಓಡಾಟ ನಿಂತಿರುವುದು ಕೂಡ ಇದೇ ಆಷಾಢ-ಶ್ರಾವಣದಲ್ಲಿ.

ಕಸ ತೆಗೆಯಲು ಹೋದ ತಾಯಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮನೆಯಿಂದ ದೂರವಿದ್ದಾಗ ಆಗುವುದನ್ನು ಹಂತಹಂತವಾಗಿ ನೋಡಬೇಕು. ಎದೆಹಾಲು ಕುಡಿದಷ್ಟೂ ಊರುವ ದ್ರವ. ಹಗಲಿಡೀ ಕುಡಿಸದಿದ್ದರೆ ಕೆಲವೇ ವಾರಗಳಲ್ಲಿ ಅದು ಕುಗ್ಗುತ್ತದೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಬೇಕೆಂಬ ಮಾತನ್ನು ಎಲ್ಲ ತಾಯಂದಿರೂ ಕೇಳಿದ್ದಾರೆ, ಆದರೂ 2019-21ರ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಅದು ಸಾಧ್ಯವಾಗಿದ್ದು ಶೇ. 61ರಷ್ಟು ಕೂಸುಗಳಿಗೆ ಮಾತ್ರ. ಕೂಸನ್ನು ಎಂಟು-ಒಂಬತ್ತು ವರ್ಷದ ಅಕ್ಕನೋ, ಕಣ್ಣು ಮಂಜಾದ ಅಜ್ಜಿಯೋ ನೋಡಿಕೊಳ್ಳುವಾಗ ಬಾಟಲಿಯ ಹಾಲು, ಬೆಳಗ್ಗೆ ಮಾಡಿಟ್ಟ ಅನ್ನ ಅನಿವಾರ್ಯವಾಗುತ್ತವೆ. ಮಳೆಗಾಲದ ಸೆಕೆಯಲ್ಲಿ ಆರೇಳು ತಾಸು ಇಟ್ಟ ಅನ್ನದಲ್ಲಿ ರೋಗಾಣುಗಳು ಹಲವು ಪಟ್ಟು ಬೆಳೆಯುತ್ತವೆ. ಹೊಲಕ್ಕೇ ಕರೆದೊಯ್ದರೆ ಬದುವಿನ ಗಿಡದ ಜೋಳಿಗೆಯಲ್ಲಿ ಮಲಗಿಸಬೇಕು, ಔಷಧ ಹೊಡೆದ ಹೊಲದ ಗಾಳಿ ಕುಡಿಸಬೇಕು. ಎರಡರಲ್ಲಿ ಯಾವುದನ್ನು ಆರಿಸಿದರೂ ಅದು ತಾಯಿಯ ಅಜ್ಞಾನವಲ್ಲ. ಆಕೆ ಆರಿಸಬಹುದಾದದ್ದು ಅವೆರಡೇ. ತಾಂಡಾಗಳಿಂದ ಗೋವೆಯ ಕಡೆಗೆ, ಕರಾವಳಿಯ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳಲ್ಲಿ ಸ್ಥಿತಿ ಇನ್ನೂ ಕಠಿಣ. ಅಲ್ಲಿ ಅಂಗನವಾಡಿಯ ಹೆಸರೂ ತಪ್ಪುತ್ತದೆ, ಲಸಿಕೆಯ ದಿನ ಬರೆದ ತಾಯಿ ಕಾರ್ಡ್ ಊರಿನ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ.

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಅರ್ಧ ಶತಮಾನದಲ್ಲಿ ಮಾಡಿರುವ ಕೆಲಸ ದೊಡ್ಡದು. ಆದರೆ ಅಂಗನವಾಡಿಯಲ್ಲಿ ದಿನವೂ ಕೂರುವುದು ಮೂರರಿಂದ ಆರು ವರ್ಷದ ಮಕ್ಕಳು. ಮೂರರೊಳಗಿನವರಿಗೆ ಆಹಾರ ಮನೆಗೆ ಹೋಗುತ್ತದೆ. ಭೇದಿಯೂ ನ್ಯುಮೋನಿಯಾವೂ ಹೆಚ್ಚಾಗಿ ಕೊಲ್ಲುವ ವಯಸ್ಸು ಈ ಮೂರರೊಳಗಿನದೇ ಆಗಿದ್ದು, ಆ ವಯಸ್ಸಿನ ಕೂಸನ್ನು ಹಗಲು ನೋಡಿಕೊಳ್ಳುವ ವ್ಯವಸ್ಥೆ ಹಳ್ಳಿಗಳಲ್ಲಿ ದೀರ್ಘಕಾಲ ಬಹುತೇಕ ಇರಲಿಲ್ಲ. 2023ರಲ್ಲಿ ರಾಜ್ಯ ಸರ್ಕಾರವು ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಘೋಷಿಸಿದ ಕೂಸಿನ ಮನೆ ಯೋಜನೆಯು ಇದೇ ತೆರಪನ್ನು ಮುಚ್ಚುವ ಪ್ರಯತ್ನ. ಮಕ್ಕಳ ಆರೋಗ್ಯದ ದೃಷ್ಟಿಯಿಂದ ನೋಡಿದರೆ, ಇದು ಉದ್ಯೋಗ ಖಾತರಿಯ ಕೂಲಿಕಾರ್ತಿಯರಿಗೆ ಒದಗಿಸಿದ ಅನುಕೂಲವಷ್ಟೇ ಆಗಿ ಉಳಿಯಬಾರದು. ಲಸಿಕೆಗೆ, ಶುದ್ಧ ನೀರಿಗೆ ಸಮನಾದ ಆರೋಗ್ಯ ಸೇವೆಯೆಂದೇ ಅದನ್ನು ಪರಿಗಣಿಸಬೇಕು. ಅದು ತೆರೆದಿರುವ ವೇಳೆ ಹೊಲದ ಕೂಲಿಯ ವೇಳೆಗೆ ಹೊಂದಬೇಕು, ಕಸ ತೆಗೆಯುವ ಮತ್ತು ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಒಂದು ದಿನವೂ ಮುಚ್ಚಬಾರದು.

ಕೊನೆಯದಾಗಿ, ಕಾಯಿಲೆ ಬಂದ ಮೇಲೆ ಚಿಕಿತ್ಸೆಗೆ ಆಗುವ ವಿಳಂಬವೂ ಒಂದು ಅಪಾಯಕಾರಕವೆಂಬುದನ್ನು ಹೇಳಬೇಕು. ಭೇದಿಗೆ ಉಪ್ಪು-ಸಕ್ಕರೆಯ ಪುನರ್ಜಲೀಕರಣ ದ್ರಾವಣ ಎಷ್ಟು ಸಮರ್ಥವೆಂಬುದನ್ನು 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ತೋರಿಸಿಕೊಟ್ಟರು. ಇಂದು ಓಆರ್‌ಎಸ್ ಪೊಟ್ಟಣದ ಜೊತೆಗೆ ಆರು ತಿಂಗಳು ಮೀರಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಸತುವಿನ ಮಾತ್ರೆಯನ್ನು ಹದಿನಾಲ್ಕು ದಿನ ಕೊಡಬೇಕು, ಭೇದಿ ಮೂರನೆಯ ದಿನ ನಿಂತರೂ ಮಾತ್ರೆ ನಿಲ್ಲಬಾರದು. ನ್ಯುಮೋನಿಯಾವನ್ನು ಗುರುತಿಸಲು ಯಂತ್ರ ಬೇಕಿಲ್ಲ, ಒಂದು ನಿಮಿಷ ಉಸಿರು ಎಣಿಸಿದರೆ ಸಾಕು: ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿನಿಂದ ವರ್ಷದೊಳಗಿನ ಕೂಸಿಗೆ 50, ಒಂದರಿಂದ ಐದು ವರ್ಷದವರಿಗೆ 40, ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರು ಹಳ್ಳಿಯ ಕಾರ್ಯಕರ್ತರಿಗೇ ಈ ಎಣಿಕೆಯನ್ನೂ ಚಿಕಿತ್ಸೆಯನ್ನೂ ಕಲಿಸಿ, ನ್ಯುಮೋನಿಯಾದಿಂದಾಗುವ ಸಾವನ್ನು ತಗ್ಗಿಸಿದರು. ಪಕ್ಕೆ ಎಳೆಯುವುದು, ಹಾಲು ಕುಡಿಯದಿರುವುದು, ಕುಡಿದದ್ದನ್ನೆಲ್ಲ ವಾಂತಿ ಮಾಡುವುದು, ಸೆಳವು, ಎಚ್ಚರವಿಲ್ಲದಂತೆ ಮಲಗುವುದು ಇವು ಅಪಾಯದ ಚಿಹ್ನೆಗಳು. ಈ ಹೊತ್ತಿನಲ್ಲಿ ಬರೆ ಹಾಕುವುದು ಕೂಸಿಗೆ ಇನ್ನೊಂದು ಗಾಯವನ್ನೂ ಇನ್ನೊಂದು ದಿನದ ವಿಳಂಬವನ್ನೂ ಕೊಡುತ್ತದೆಯೇ ಹೊರತು ಬೇರೇನನ್ನೂ ಕೊಡುವುದಿಲ್ಲ.

ವಿಳಂಬದ ಲೆಕ್ಕದಲ್ಲಿಯೂ ದುಡಿಮೆಯೇ ಎದುರಾಗುತ್ತದೆ. ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಕೂಲಿ, ಬಸ್ಸಿನ ಕಾಯುವಿಕೆ, ಮನೆಯಲ್ಲಿ ಉಳಿದ ಇನ್ನೊಂದು ಮಗು. ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಿರುವ ತೀವ್ರ ಅಪೌಷ್ಟಿಕ ಮಗುವನ್ನು ತೊಡಕುಗಳಿದ್ದಾಗ ಸುಮಾರು ಹದಿನಾಲ್ಕು ದಿನ ಪುನಶ್ಚೇತನ ಕೇಂದ್ರದಲ್ಲಿ ಇರಿಸಿಕೊಳ್ಳುವ ಏರ್ಪಾಡಿದೆ, ಕಳೆದ ಕೂಲಿಗೆ ತಾಯಿಗೆ ಪರಿಹಾರವೂ ಇದೆ. ಆದರೂ ಹೊಲದ ಕೆಲಸದ ಸಮಯದಲ್ಲಿ ಎರಡು ವಾರ ಮನೆ ಬಿಡುವುದಕ್ಕೆ ಅತ್ತೆ-ಗಂಡಂದಿರ ಒಪ್ಪಿಗೆ ಸಿಗುವುದು ಕಷ್ಟ. 2018ರಲ್ಲಿ ಆರಂಭವಾದ ಕಾರ್ಯಕ್ರಮದಂತೆ ಆಶಾ ಕಾರ್ಯಕರ್ತೆಯು ಮಗುವಿನ ಮೂರು, ಆರು, ಒಂಬತ್ತು, ಹನ್ನೆರಡು ಮತ್ತು ಹದಿನೈದನೆಯ ತಿಂಗಳಲ್ಲಿ ಮನೆಗೆ ಬಂದು ತೂಕ, ಆಹಾರ, ಲಸಿಕೆಗಳನ್ನು ವಿಚಾರಿಸಬೇಕು. ಹಗಲಿನಲ್ಲಿ ಬಂದರೆ ಆಷಾಢದಲ್ಲಿ ಆಕೆಗೆ ಸಿಗುವುದು ಕೂಸಿನ ಅಕ್ಕ ಮಾತ್ರ, ತಾಯಿಯಲ್ಲ. ಆದ್ದರಿಂದ ಕಸ ತೆಗೆಯುವ ಮತ್ತು ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಈ ಭೇಟಿಗಳನ್ನು ಸಂಜೆಗೋ ಹೊಲದ ಬದುವಿಗೋ ಬದಲಾಯಿಸುವುದು, ಹೊತ್ತು ಮುಳುಗಿದ ಮೇಲೆ ತಿರುಗಾಡಬೇಕಾದ ಕಾರ್ಯಕರ್ತೆಗೆ ಜೊತೆಯನ್ನೂ ಹೆಚ್ಚಿನ ಪ್ರೋತ್ಸಾಹಧನವನ್ನೂ ಒದಗಿಸುವುದು, ಆಕೆಯ ಚೀಲದಲ್ಲಿ ಓಆರ್‌ಎಸ್ ಮತ್ತು ಸತುವಿನ ಮಾತ್ರೆ ಮಿರಗದ ಮಳೆಗೆ ಮೊದಲೇ ತುಂಬಿರುವಂತೆ ನೋಡಿಕೊಳ್ಳುವುದು ಇವೆಲ್ಲ ದೂರದ ರಾಜಧಾನಿಯ ಆದೇಶಕ್ಕೆ ಕಾಯದೆ ತಡಸದಂಥ ಊರಿನ ಗ್ರಾಮ ಪಂಚಾಯಿತಿಯೂ ಆರೋಗ್ಯ ಕೇಂದ್ರವೂ ಪ್ರತಿ ಮೇ ತಿಂಗಳಲ್ಲಿ ಒಟ್ಟಿಗೆ ಕುಳಿತು ನಿರ್ಧರಿಸಬಹುದಾದ ಕೆಲಸಗಳಾಗಿವೆ.